ಕರೆಪ್ಪನ ಹಣೆ

ಅವಳನ್ನು ನಾನು ಮೊದಲ ಸಲ ನೋಡಿದಾಗ ಅವಳು ನಾಯಿ ಎಳೆಯಬೇಕಾದ ಗಾಡಿಯನ್ನು ತಾನೇ ಎಳೆಯುತ್ತಿದ್ದಳು. ನಾಯಿ ಪಕ್ಕದಲ್ಲಿ ಆರಾಮವಾಗಿ ನಡೆದು ಬರುತ್ತಿತ್ತು.

2009ರ ಸೆಪ್ಟೆಂಬರಿನ ಒಂದು ಶನಿವಾರ, ನೇಪರ್‌ವಿಲ್‌ನ ಒಂದು ಬಡಾವಣೆ. ಕೆಲಸ ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಇದ್ದ ವರ್ಷ ಅದು. ಮನೆಮನೆಗೆ ಹೋಗಿ, ಇಲ್ಲದವರಿಗೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿಗೆ ಅಕ್ಕಿ, ಬೇಳೆ, ಸೂಪಿನ ಡಬ್ಬಿ ಕೂಡಿಸುವ ಕೆಲಸವನ್ನು ಪದ್ಮ ಆಂಟಿ ಹಚ್ಚಿಕೊಂಡಿದ್ದರು. ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದವನು ನಾನು. ಮೊದಲು ದೂರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬ್ರೇಕು ಡಿಸೈನ್ ಮಾಡಿಕೊಂಡಿದ್ದೆ, ಈಗ ಹತ್ತಿರದ ಇಟಾಸ್ಕಾದಲ್ಲೊಂದು ಕಾಂಟ್ರ್ಯಾಕ್ಟ್ ಹಿಡಿದು ದಿನ ದೂಡುತ್ತಿದ್ದೆ. "ಸ್ವರೂಪ, ಬರೀ ಮಲಗಿರ್ತೀಯ, ಎದ್ದು ಬಾಪ್ಪಾ" ಎಂದು ಆಂಟಿ ಎಬ್ಬಿಸಿಕೊಂಡು ಬಂದಿದ್ದರು.

"ಇವಳು ಆಶ್ರಿತಾ, ಮೈಸೂರಿನವಳು," ಎಂದರು. "'ನಾಯಿ ಗಾಡಿ ಎಳೆಯತ್ತೆ ಆಂಟಿ, ನಾನೂ ಬರ್ತೀನಿ' ಅಂದ್ಲು. ನೋಡು, ಯಾರು ಎಳೀತಿದಾರೆ."

"ಅವನಿಗೆ ಮೂಡ್ ಬರ್ಬೇಕು ಆಂಟಿ," ಎಂದು ಆಶ್ರಿತಾ ನಕ್ಕಳು. ಬೆವರಿಗೆ ಅಂಟಿದ್ದ ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳಿದಳು. ಅದು ಹೋಗಲಿಲ್ಲ, ಮತ್ತೆ ಕಣ್ಣ ಮೇಲೇ ಬಂದು ಕೂತಿತು. ಅದನ್ನೇ ನೋಡುತ್ತ ನಾನು ದಿನವಿಡೀ ನಿಲ್ಲಬಹುದಿತ್ತು. ಅಷ್ಟರಲ್ಲಿ ನಾಯಿ ನನ್ನನ್ನು ನೋಡಿತು.

ಕಪ್ಪು ನ್ಯೂಫೌಂಡ್‌ಲ್ಯಾಂಡ್ ಜಾತಿಯ ನಾಯಿ, ನೂರಾ ಮೂವತ್ತು ಪೌಂಡ್ ತೂಕ. ಎಡ ಮುಂಗಾಲಿನಲ್ಲಿ ಒಂದೇ ಒಂದು ಬೆರಳು ಬಿಳಿ. ನನ್ನ ಕರೆಪ್ಪ.

ಅವನು ಬೊಗಳಲಿಲ್ಲ, ಮೈಮೇಲೆ ಹಾರಲಿಲ್ಲ. ನಿಧಾನವಾಗಿ ಬಂದು ನನ್ನ ಬೂಟಿನ ಮೇಲೆ ಗದ್ದವಿಟ್ಟು ಮಲಗಿಬಿಟ್ಟ. ನನ್ನ ಕೈ ತಾನಾಗಿಯೇ ಅವನತ್ತ ಹೋಯಿತು.

"ತಲೆ ಮುಟ್ಬೇಡಿ ಪ್ಲೀಸ್," ಎಂದಳು ಆಶ್ರಿತಾ. "ಶೆಲ್ಟರಿಂದ ತಂದಿರೋ ರೆಸ್ಕ್ಯೂ ನಾಯಿ. ಮುಂಚೆ ಸಾಕ್ತಿದ್ದೋನು ಯಾರೋ ಕಟುಕ, ತಲೆ ಮೇಲೆ ಹೊಡೀತಿದ್ದ ಅನ್ಸತ್ತೆ. ಗಾಡಿಗೆ ಕಟ್ಟೋ ಹಾರ್ನೆಸ್ ಕೈಗೆ ತಗೊಂಡ್ರೆ ಸಾಕು, ತಲೆ ಬಗ್ಗಿಸ್ಕೊಂಡು ನಿಂತ್ಬಿಡ್ತಾನೆ. ಒಂದು ಹೆಜ್ಜೆ ಇಡಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಆದ್ರೆ ಆಸ್ಕರ್ ಯಾರ ಹತ್ರನೂ ಹೀಗೆ ಮಲಗಲ್ಲ. ಏನ್ ಮಾಡಿದ್ರಿ ನೀವು?" ಕರೆಪ್ಪ ಈಗ ಆಸ್ಕರ್ ಆಗಿದ್ದ.

"ಬೂಟಿನಾಗ ಏನರೆ ವಾಸನಿ ಇರಬೇಕ್ರಿ," ಎಂದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗು ನೋಡಿದ ಮೇಲೆ ನಿಜ ಹೇಳುವುದು ಇನ್ನಷ್ಟು ಕಷ್ಟವಾಯಿತು.

ನಾನು ಅವನನ್ನು ಎಂದೂ ಹೊಡೆದಿರಲಿಲ್ಲ.

ಗದಗಿನಲ್ಲಿ ನನ್ನ ಸೋದರಮಾವ ಮಲ್ಲಪ್ಪ ಚಕ್ಕಡಿಯಲ್ಲಿ ಅಂಗಡಿಗಳಿಗೆ ಚೀಲ ಸಾಗಿಸುತ್ತಿದ್ದ. ಎತ್ತಿನ ಹೆಗಲಿಗೆ ನೊಗ ಇಡುವ ಮೊದಲು ಅದರ ಹಣೆ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. "ದುಡಿ ಅನ್ನೂಕಿಂತ ಮೊದ್ಲ ಕೇಳಬೇಕಲೇ," ಅನ್ನುವನು. ಮುಂದೆ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಾನು ಕರೆಪ್ಪನನ್ನು ಸಾಕಿದಾಗ, ಪಕ್ಕದ ಮನೆಯ ಮುದುಕ, ಕಾರ್ಖಾನೆಯಿಂದ ರಿಟೈರ್ ಆದವನು, ಒಂದು ಮರದ ಗಾಡಿ ಮಾಡಿಕೊಟ್ಟ. ಈ ಜಾತಿಯ ನಾಯಿಗಳ ಅಜ್ಜಂದಿರು ಸಮುದ್ರದ ದಂಡೆಯಲ್ಲಿ ಮೀನು, ಸೌದೆ ಎಳೆದವರು, ಕೆಲಸವಿಲ್ಲದಿದ್ದರೆ ಇವು ಕೊರಗುತ್ತವೆ ಎಂದ. ನಾನು ಹಾರ್ನೆಸ್ ಹಾಕುವ ಮೊದಲು ಮಾವ ಮಾಡಿದಂತೆಯೇ ಮಾಡಿದೆ. ವಾರದೊಳಗೆ ಕರೆಪ್ಪ ಕಲಿತ. ಹಾರ್ನೆಸ್ ಕಂಡರೆ ತಲೆ ಬಗ್ಗಿಸಿ ಹಣೆ ಕೊಡುವನು. ಮುಟ್ಟಿದರೆ ಹೊರಡುವನು, ಮುಟ್ಟದಿದ್ದರೆ ಕಾಯುವನು.

ಜನವರಿಯಲ್ಲಿ ಕೆಲಸ ಹೋಯಿತು, ಅದರ ಹಿಂದೆಯೇ ಮನೆ ಹೋಯಿತು. ಕೆಲಸ ಹುಡುಕಿಕೊಂಡು ನಾಯಿಯ ಜೊತೆ ಈ ಕಡೆ ಬಂದೆ. ಇಷ್ಟು ದೊಡ್ಡ ನಾಯಿಗೆ ಯಾವ ಅಪಾರ್ಟ್‌ಮೆಂಟೂ ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಅವನನ್ನು ಇಲ್ಲಿಯ ನಾಯಿಗಳ ಶೆಲ್ಟರಿಗೆ ಕರೆದೊಯ್ದೆ. ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದ ಫಾರ್ಮಿನಲ್ಲಿ, ನಾಯಿ ನನ್ನದಲ್ಲ, ರಸ್ತೆಯಲ್ಲಿ ಸಿಕ್ಕಿತು ಎಂದು ಬರೆದೆ. ಅಲ್ಲಿಯ ಹುಡುಗಿ ಹಗ್ಗ ತಂದಾಗ ಕರೆಪ್ಪ ಕೆಲಸಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡು ನನ್ನ ಕಡೆ ತಿರುಗಿ ತಲೆ ಬಗ್ಗಿಸಿದ. ನಾನು ಮುಟ್ಟದೆ ಹೊರಗೆ ಬಂದೆ.

ಇದನ್ನೆಲ್ಲ ಆಶ್ರಿತಾಗೆ ಹೇಳಬೇಕಿತ್ತು. ಮುಂದಿನ ಶನಿವಾರ ಖಂಡಿತ ಹೇಳುತ್ತೇನೆ ಅಂದುಕೊಂಡೆ. ಮುಂದಿನ ಶನಿವಾರ ಅವಳು ಗಾಡಿಯ ಬಲಗಡೆಯ ಕೋಲನ್ನು ನನ್ನ ಕೈಗೆ ಕೊಟ್ಟಳು.

ಎಡ ಕೋಲು ಅವಳದು, ಬಲ ಕೋಲು ನನ್ನದು. ನಡುವೆ, ಹಾರ್ನೆಸ್ ಇಲ್ಲದೆ, ಕರೆಪ್ಪ.

"ಜೋಡಿ ಸಿಕ್ತಲ್ಲ, ಇನ್ನು ನಾಯಿ ಯಾಕೆ," ಎಂದು ಪದ್ಮ ಆಂಟಿ ಮುಂದಿನ ಮನೆಯ ಬೆಲ್ ಒತ್ತಿದರು. ಆಶ್ರಿತಾಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಕಂಡಿತೆಂದು ಅವಳಿಗೂ ಗೊತ್ತಾಯಿತು.

"ಏನ್ ನೋಡ್ತಿದೀರಿ? ಎಳೀತಿದೀರೋ, ಸುಮ್ನೆ ಹಿಡ್ಕೊಂಡಿದೀರೋ?"

"ಮೈಸೂರಿನವ್ರು ಹಿಂದ ಉಳದಾರಂತ ನಿಧಾನ ಮಾಡೀನ್ರಿ."

ಅವಳು ಕೆಳತುಟಿ ಕಚ್ಚಿ ನಗು ತಡೆದು, ತನ್ನ ಕೋಲನ್ನು ಜೋರಾಗಿ ಜಗ್ಗಿದಳು. ಗಾಡಿ ತಿರುಗಿ ಚಕ್ರ ನನ್ನ ಬೂಟಿನ ಮೇಲೆ ಹತ್ತಿತು. ನೋವಾಯಿತೇ ಎಂದು ಬಗ್ಗಿ ನೋಡಿದಳು, ಆಗಿಲ್ಲವೆಂದು ಖಾತ್ರಿಯಾದ ಮೇಲೆ ಮನಸಾರೆ ನಕ್ಕಳು.

ಹೀಗೆ ವಾರಗಳು ಹೋದವು. ನಾನು ಒಮ್ಮೆ ಹಣೆ ಮುಟ್ಟಿದರೆ ಸಾಕು, ಕರೆಪ್ಪ ಗಾಡಿ ಎಳೆಯುತ್ತಿದ್ದ. ಅವನು ಎಳೆದರೆ ಬಲ ಕೋಲು ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಮೊದಲು ಅಂಜಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ, ಆಮೇಲೆ ಆಸೆಗೆ ಮುಚ್ಚಿಕೊಂಡೆ. ಪ್ರತಿ ಶನಿವಾರ ಅವಳು ಒಮ್ಮೆ ಹಾರ್ನೆಸ್ ತೋರಿಸುವಳು, ಅವನು ತಲೆ ಬಗ್ಗಿಸುವನು, ಅವಳು ನಿಟ್ಟುಸಿರಿಟ್ಟು ಅದನ್ನು ಒಳಗಿಡುವಳು. ಅಷ್ಟು ಹೊತ್ತು ನಾನು ಬೇರೆಯವರ ಲಾನ್ ನೋಡುತ್ತ ನಿಲ್ಲುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

"ಆ ಮನುಷ್ಯ ಸಿಕ್ಕಿದ್ರೆ ಯಾಕೆ ಅಂತ ಒಂದೇ ಮಾತು ಕೇಳ್ತೀನಿ," ಎಂದಳು ಒಂದು ದಿನ.

"ಅಂವ ಹೇಳಿದ್ರ ಕೇಳ್ತೀರೇನ್ರಿ?"

ಅವಳು ಕರೆಪ್ಪನ ಬೆನ್ನು ಸವರಿದಳು. "ಇಲ್ಲ. ಕೇಳಲ್ಲ."

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕೆಲವರು ಮೊದಲೇ ತಂದುಕೊಟ್ಟ ಅಕ್ಕಿ ಚೀಲಗಳಿಂದ ಗಾಡಿ ಆಗಲೇ ಮುಕ್ಕಾಲು ತುಂಬಿತ್ತು. ಆಶ್ರಿತಾ ಕೋಲು ಹಿಡಿಯದೆ ನಿಂತಿದ್ದಳು.

"ಇವತ್ತೇ ಕೊನೆ," ಎಂದಳು. "ಗಾಡಿ ಡಾಗ್ ಕ್ಲಬ್‌ನವರದು, ವಾಪಸ್ ಕೊಡ್ತಿದೀನಿ. ವಾರವಾರ ಅವನಿಗೆ ಆ ಏಟು ನೆನಪು ಮಾಡೋದು ಪಾಪ ಅಲ್ವಾ."

ಕೊನೆಯ ಸಲವೆಂದು ಹಾರ್ನೆಸ್ ತೆಗೆದಳು. ಕರೆಪ್ಪ ತಲೆ ಬಗ್ಗಿಸಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಅವಳ ಕಣ್ಣು ತುಂಬಿತ್ತು.

"ಸಾರಿ ಕಣೋ ಆಸ್ಕರ್," ಎಂದಳು.

ತಪ್ಪು ನನ್ನದು, ಕ್ಷಮೆ ಕೇಳುತ್ತಿರುವವಳು ಅವಳು. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅಂವ ಹೆದರಿಲ್ರಿ," ಎಂದೆ. "ಕಾಯಾಕತ್ತಾನ."

ಗ್ಲೌಸ್ ಬಿಚ್ಚಿ ಮೊಣಕಾಲೂರಿದೆ. ಕರೆಪ್ಪನ ಹಣೆ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡೆ. ಅವಳ ಕೈಯಿಂದ ಹಾರ್ನೆಸ್ ತೆಗೆದುಕೊಂಡು ಹಾಕಿ, ಕೋಲುಗಳನ್ನು ಅದಕ್ಕೆ ಸಿಕ್ಕಿಸಿದೆ.

"ನಡಿ ಕರೆಪ್ಪಾ."

ಅವನು ಎದೆ ಮುಂದೆ ಮಾಡಿ ಹೊರಟ. ಅಷ್ಟು ಭಾರದ ಗಾಡಿ ಹಗುರವಾಗಿ ಅವನ ಹಿಂದೆ ಹೋಯಿತು. ಬಾಲ ಮೇಲೆತ್ತಿಕೊಂಡು ನಡೆಯುತ್ತಿದ್ದ. ಆಂಟಿ ಚಪ್ಪಾಳೆ ತಟ್ಟಿದರು. ಆಶ್ರಿತಾ ನನ್ನ ಮುಖ ನೋಡಿದಳು, ಆಮೇಲೆ ನೋಡಲಿಲ್ಲ.

ಇಪ್ಪತ್ತೆರಡು ಮನೆ ಮುಗಿಸಿದೆವು. ಅವಳು ಎಡಕ್ಕೆ, ನಾನು ಬಲಕ್ಕೆ, ಇಬ್ಬರ ಕೈಯೂ ಖಾಲಿ. ಆಂಟಿಯ ಗರಾಜಿನಲ್ಲಿ ಚೀಲ ಇಳಿಸಿ, ಆಂಟಿ ಚಹಾ ತರಲು ಒಳಗೆ ಹೋದ ಮೇಲೆ ಕೇಳಿದಳು.

"ಶೆಲ್ಟರ್ ಪೇಪರ್‌ನಲ್ಲಿ ರಸ್ತೇಲಿ ಸಿಕ್ಕಿದ ನಾಯಿ ಅಂತ ಇತ್ತು. ನೀನೇನಾ ಬರೆದಿದ್ದು?"

ಹತ್ತು ವಾರ ನೀವು ಎಂದವಳು ನೀನು ಎಂದಿದ್ದಳು. ನಾನು ಆಸೆಪಟ್ಟಿದ್ದ ಮಾತೇ ಅದು, ಆದರೆ ಹೀಗಲ್ಲ.

"ಹೌದ್ರಿ." ಮಾವನ ಎತ್ತಿನಿಂದ ಹಿಡಿದು ಶೆಲ್ಟರಿನ ಬಾಗಿಲವರೆಗೆ ಎಲ್ಲ ಹೇಳಿದೆ. "ಕೆಲಸ ಹೋಗೇತಿ ಅಂತ ಬರಿಯಾಕ ಕೈ ಬರಲಿಲ್ಲ. ನಾಯಿ ನಂದಲ್ಲ ಅಂತ ಬರಿಯಾಕ ಬಂತು."

ಅವಳು ಅಕ್ಕಿ ಚೀಲದ ಮೇಲೆ ಕೂತಳು.

"ಏಳು ತಿಂಗಳಿಂದ ಅವನು ನನಗೆ ತಲೆ ಕೊಡ್ತಿದಾನೆ," ಎಂದಳು. "ನಾನೂ ಮುಟ್ಲಿಲ್ಲ, ಬೇರೆಯೋರಿಗೂ ಮುಟ್ಟಕ್ಕೆ ಬಿಡ್ಲಿಲ್ಲ. ನೀನು ಮೊದಲನೇ ದಿನಾನೇ ಹೇಳ್ಬಹುದಿತ್ತು."

"ಹೇಳಿದ್ರ ನೀವು ನನ್ನ ಜೋಡಿ ನಡೀತಿರಲಿಲ್ಲ."

"ಅದಕ್ಕೆ ಅವನನ್ನ ಹತ್ತು ವಾರ ಕಾಯ್ಸಿದ್ಯಾ?"

"ಹೂಂ. ನಾಯಿಗಿಂತ ಹೆಚ್ಚು ನಿಮ್ಮ ಸಲುವಾಗಿ ಬರ್ತಿದ್ದೆ. ಅದೂ ನನ್ನ ತಪ್ಪ ಐತ್ರಿ."

ಅವಳು ಬಗ್ಗಿ ಬೂಟಿನ ಲೇಸ್ ಬಿಚ್ಚಿ ಮತ್ತೆ ಬಿಗಿದಳು.

"ಗೊತ್ತಿತ್ತು," ಎಂದಳು. "ನಾನೂ ಎರಡು ಮೂರು ಸಲ, ಇವನು ಎಳೀದೇ ಇದ್ರೇ ವಾಸಿ ಅಂದ್ಕೊಂಡಿದೀನಿ. ಅದಕ್ಕೇ ಇಷ್ಟು ಕೋಪ ಬರ್ತಿರೋದು."

ಎದ್ದು ಕರೆಪ್ಪನ ಮುಂದೆ ಕೂತಳು. ಅವಳ ಕೈ ಅರ್ಧದಲ್ಲಿ ನಿಂತಿತು. ಅವನು ತಲೆ ಬಗ್ಗಿಸಿದ. ಅವಳು ಮೊದಲ ಸಲ ಅವನ ಹಣೆ ಮುಟ್ಟಿದಳು, "ಕರೆಪ್ಪ" ಎಂದಳು, ಆಮೇಲೆ ಆ ಕಪ್ಪು ಕುತ್ತಿಗೆಯಲ್ಲಿ ಮುಖವಿಟ್ಟು ಅತ್ತಳು. ನನಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

"ಇವನನ್ನ ವಾಪಸ್ ಕೊಡಲ್ಲ," ಎಂದಳು ಕೊನೆಗೆ.

"ನಾ ಕೇಳೂದಿಲ್ರಿ."

"ನಿನ್ನನ್ನ ಇನ್ನೂ ಕ್ಷಮಿಸಿಲ್ಲ."

"ಹೂಂ."

ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ನಿಂತಳು. ನನಗರಿವಿಲ್ಲದೆ ನನ್ನ ತಲೆ ಬಗ್ಗಿತು. ನಾಯಿಯ ವಾಸನೆಯ, ತಣ್ಣನೆಯ ನಾಲ್ಕು ಬೆರಳು ನನ್ನ ಹಣೆಗೆ ತಾಗಿದವು, ಒಂದು ಕ್ಷಣ ಅಲ್ಲೇ ಉಳಿದವು.

"ದುಡಿಸ್ಕೊಳೋ ಮುಂಚೆ ಕೇಳ್ಬೇಕು ಅಂದ್ಯಲ್ಲ," ಎಂದಳು. "ಈ ಚೀಲ ಎಲ್ಲಾ ಆಂಟಿ ವ್ಯಾನಿಗೆ ಹಾಕು. ಮುಂದಿನ ಶನಿವಾರ ಎಂಟಕ್ಕೆ ಬಾ. ಗಾಡಿ ವಾಪಸ್ ಕೊಡ್ತಿಲ್ಲ."

ನಾನು ಮೊದಲ ಚೀಲ ಹೆಗಲಿಗೇರಿಸಿದೆ. ಕರೆಪ್ಪ ಅವಳ ಕಾಲಿಗೆ ಒರಗಿ ನಿಂತು, ನಾನು ಎಷ್ಟು ಹೊರುತ್ತೇನೆಂದು ನೋಡುತ್ತಿದ್ದ.