ಬಿಳಿ ಗೂಟದ ಮಡಿ

ಹನ್ನೆರಡು ಮಡಿಗಳಲ್ಲಿ ನಾಲ್ಕಕ್ಕೆ ಮಾತ್ರ ಏನನ್ನೂ ಹಾಕಿರಲಿಲ್ಲ. ಸಿದ್ದಲಿಂಗಮ್ಮನ ಕಣ್ಣಿಗೆ ಬಿದ್ದದ್ದು ಅದೇ. ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ಅವಳದಲ್ಲ.

ಎಪ್ಪತ್ತನಾಲ್ಕನೇ ಇಸವಿ, ಶಿವರಾತ್ರಿ ಕಳೆದ ವಾರ. ಬೆಟ್ಟದಪುರದ ಬೆಟ್ಟ ನೇರ ಎದುರಿಗೆ ಕಾಣುವ ಹೊಲದಲ್ಲಿ ಅವಳ ಅಪ್ಪ ಷಣ್ಮುಖಪ್ಪ ಹೊಗೆಸೊಪ್ಪಿನ ಸಸಿಗೆಂದು ಮಡಿ ಕಟ್ಟಿಸಿದ್ದರು. ಹಿಂದಿನ ವರ್ಷ ಅದೇ ನೆಲದಲ್ಲಿ ಸಸಿಗಳೆಲ್ಲ ಹಳದಿಗೆ ತಿರುಗಿ ಕುಳ್ಳಗೆ ನಿಂತುಬಿಟ್ಟಿದ್ದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಬೇರಿನೊಳಗೆ ಸೇರಿ ಹಾಗೆ ಮಾಡುತ್ತದಂತೆ. ಅದಕ್ಕೆಂದು ಡ್ರಮ್ಮಿನಲ್ಲಿ ಔಷಧಿ ತರಿಸಿ ಮಣ್ಣಿಗೆ ಬಿಟ್ಟ ದಿನ, ಕೂಲಿಯಾಳು ಸಣ್ಣಬೀರಯ್ಯ ಅದರ ಘಾಟಿಗೆ ಉಸಿರು ಕಟ್ಟಿ ಬಿದ್ದು ತಿಂಗಳು ಮಲಗಿದ. ಇನ್ನು ನನ್ನ ಹೊಲಕ್ಕೆ ಆ ಡ್ರಮ್ಮು ಬೇಡವೆಂದು ಷಣ್ಮುಖಪ್ಪ ಪಟ್ಟು ಹಿಡಿದರು. ಹಾಗಾದರೆ ಗಿಡಮರದ ಮದ್ದನ್ನೇ ಹಾಕಿ ನೋಡೋಣ ಎಂದು ಸೈಕಲ್ ಏರಿ ಬಂದವನು ಸರ್ಕಾರದ ಹೊಗೆಸೊಪ್ಪು ಆಫೀಸಿನ ಫೀಲ್ಡ್‌ಮನ್ ಗುರುಸ್ವಾಮಿ.

ಕೆ.ಆರ್. ನಗರದ ಕಡೆಯವನು. ಎತ್ತರದ ಆಳು, ಮಾತು ಕಡಿಮೆ, ಷರಟಿನ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ಲು. ಬಂದವನೇ ಹಿಂದಿನ ಮಳೆಗಾಲದಲ್ಲೇ ನಾಲ್ಕು ಮಡಿಯ ಜಾಗದ ತುಂಬ ಚೆಂಡು ಹೂವಿನ ಗಿಡ ಹಾಕಿದ. ಅದರ ಬೇರು ಹರಡಿದ ಕಡೆ ಆ ಹುಳ ಹೆಚ್ಚು ದಿನ ಉಳಿಯುವುದಿಲ್ಲ ಎಂದ. ಹೂ ಬಿಟ್ಟಾಗ ಸಿದ್ದಲಿಂಗಮ್ಮ ಒಂದನ್ನು ಕಿತ್ತು ಅವನ ಎದುರಿಗೇ ಮುಡಿದಳು.

"ಅದು ಸರ್ಕಾರದ ಹೂ," ಎಂದ ಗುರುಸ್ವಾಮಿ.

"ಸರ್ಕಾರ ಮುಡ್ಕೊತದಾ?"

ಅವನು ಪೆನ್ಸಿಲ್ಲು ತೆಗೆದು ಪುಸ್ತಕದಲ್ಲಿ ಏನೋ ಗೀಚಿದ.

"ಏನ್ ಬರ್ಕೊಂಡ್ರಿ ಫೀಲ್ಡ್‌ಮನ್ನೋರೇ?"

"ಒಂದು ಹೂ ಕಮ್ಮಿ ಅಂತ."

ಮುಖದಲ್ಲಿ ನಗುವಿರಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಅವತ್ತಿನಿಂದ ದಿನಕ್ಕೊಂದು ಹೂ ಕಮ್ಮಿಯಾಗುತ್ತ ಬಂತು. ಅವನು ದಿನವೂ ತಪ್ಪದೆ ಬರೆದುಕೊಂಡ. ಅವಳು ಯಾವತ್ತಾದರೂ ಮುಡಿಯದೆ ಬಂದರೆ ಪುಸ್ತಕ ಕೈಯಲ್ಲಿ ಹಿಡಿದು, ಅವಳ ಜಡೆಯ ಕಡೆಗೊಮ್ಮೆ ನೋಡಿ, ಏನು ಬರೆಯಬೇಕೋ ತಿಳಿಯದವನಂತೆ ನಿಲ್ಲುತ್ತಿದ್ದ.

ಶಿವರಾತ್ರಿಯ ಹೊತ್ತಿಗೆ ಹೂವಿನ ಗಿಡಗಳನ್ನೆಲ್ಲ ಮಣ್ಣಿಗೇ ಸೇರಿಸಿ, ಆ ಮಡಿಗಳಿಗೆ ಹಳದಿ ಗೂಟ ನೆಟ್ಟಿದ್ದಾಯಿತು. ಬೇವಿನ ಹಿಂಡಿ ಬೆರೆಸಿದ ನಾಲ್ಕಕ್ಕೆ ಹಸಿರು ಗೂಟ. ಉಳಿದ ನಾಲ್ಕಕ್ಕೆ ಬಿಳಿ ಗೂಟ ನೆಟ್ಟನೇ ಹೊರತು ಬೇರೇನೂ ಹಾಕಲಿಲ್ಲ. ಹುಣಸೂರಿನ ಆಫೀಸಿಗೆ ಎರಡು ದಿನ ಹೋಗಿಬರುತ್ತೇನೆ ಎಂದವನು, ಹೊರಡುವ ಮೊದಲು ಆ ಬರೀ ಮಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಲ್ಲಕ್ಕೆ ಕೈಕೊಟ್ಟು ಬಹಳ ಹೊತ್ತು ನೋಡಿದ. ಅವನ ಮುಖ ಸಣ್ಣಗಾಗಿತ್ತು.

ಪಾಪ, ಹಿಂಡಿ ಸಾಲದೆ ಹೋಗಿದೆ, ಕೇಳಲು ಸಂಕೋಚ ಎಂದುಕೊಂಡಳು ಸಿದ್ದಲಿಂಗಮ್ಮ.

ಮನೆಯ ಅಟ್ಟದ ಮೇಲೆ ಒಂದು ಮೂಟೆ ಹೊಂಗೆ ಹಿಂಡಿಯಿತ್ತು. ತಮ್ಮದೇ ಮರದ ಬೀಜ, ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸಿ ಉಳಿದದ್ದು. ಬೇವಿನಷ್ಟೇ ಕಹಿ, ಅದೇ ಕೆಲಸ ಮಾಡೀತು ಎಂದು ಇಳಿಸಿ, ಕುಟ್ಟಿ ಪುಡಿ ಮಾಡಿ, ಬಿಳಿ ಗೂಟದ ಮಡಿಗಳಿಗೆ ಬೆರೆಸಿ, ಮೇಲೆ ಮಣ್ಣು ಸವರಿದಳು. ನಾಲ್ಕನೆಯ ಮಡಿ ಅರ್ಧಕ್ಕೆ ಬರುವಾಗ ಮೂಟೆ ಬರಿದಾಯಿತು. ಯಾರಿಗೂ ಹೇಳಲಿಲ್ಲ. ಸಸಿ ಚೆನ್ನಾಗಿ ಬಂದ ದಿನ ತಾನೇ ಹೇಳಿ, ಆ ಕಿವಿ ಕೆಂಪಾಗುವುದನ್ನು ಹತ್ತಿರದಿಂದ ನೋಡಬೇಕೆಂದು ಆಸೆ.

ಬೀಜ ಬಿದ್ದು ನಲವತ್ತು ದಿನವಾಯಿತು. ಒಂದು ಬೆಳಿಗ್ಗೆ ನೀರಿನ ಕ್ಯಾನು ಹಿಡಿದು ಮಡಿಯ ನಡುವೆ ನಡೆಯುತ್ತಿದ್ದವಳು ತಾನಾಗಿಯೇ ಮಾತು ತೆಗೆದಳು.

"ಹಸಿರು ಬೇವಿಗೆ, ಹಳದಿ ಹೂವಿಗೆ. ಬಿಳಿ ಯಾತಕ್ಕೆ ಫೀಲ್ಡ್‌ಮನ್ನೋರೇ?"

ಗುರುಸ್ವಾಮಿಗೆ ತನ್ನ ಕೆಲಸದ ಮಾತು ಬಂದರೆ ಎಲ್ಲಿಲ್ಲದ ಉತ್ಸಾಹ. "ಅದೇ ನನ್ ಸಾಕ್ಷಿ ಕಣ್ರೀ. ಏನೂ ಹಾಕ್ದೆ ಬೇಕಂತ್ಲೇ ಬಿಟ್ಟಿರೋದು. ಅದ್ರಲ್ಲಿ ಗಂಟು ಬಂದು, ಬೇರೇದ್ರಲ್ಲಿ ಬರ್ದೆ ಇದ್ರೆ ತಾನೆ ಹಿಂಡಿ, ಹೂವು ಕೆಲ್ಸ ಮಾಡ್ತು ಅನ್ನೋದು? ಎಲ್ಲಾ ಒಂದೇ ಸಮ ಬಂದ್ರೆ ಹುಳಾನೇ ಇರ್ಲಿಲ್ಲ ಅಂತಾರೆ ನಮ್ ದೊಡ್ಡಾಫೀಸರು. ನಾ ಗಂಟುಮೂಟೆ ಕಟ್ಬೇಕು, ಊರಿಗೆ ಮತ್ತೆ ಡ್ರಮ್ಮು ಬತ್ತದೆ."

"ಮತ್ತೆ ಅವತ್ತು ಅದ್ರ ಮುಂದೆ ಕೂತು ಮುಖ ಸಣ್ಣ ಮಾಡ್ಕೊಂಡಿದ್ರಲ್ಲ?"

"ಬೇಕಂತ ಒಂದನ್ನ ಕಾಯಿಲೆಗೆ ಬಿಡದು ಅಂದ್ರೆ ಸಂಕಟ ಆಗಲ್ವಾ?"

ಸಿದ್ದಲಿಂಗಮ್ಮನ ಕೈಯಿಂದ ಕ್ಯಾನು ಜಾರಿ ನೀರೆಲ್ಲ ಕಾಲ ಮೇಲೆ ಚೆಲ್ಲಿತು. ಬಿಸಿಲು ಜಾಸ್ತಿ, ತಲೆ ಸುತ್ತಿತು ಎಂದಳು. ಅವನು ನಂಬಿದ.

ಅಲ್ಲಿಂದ ಮುಂದೆ ಅವಳ ಜೀವ ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿತು, ಮುದ್ದೆ ಗಂಟಾಯಿತು, ಬಾವಿಗೆ ಹೋದವಳು ಕೊಡ ಬಿಟ್ಟು ಬಂದಳು. ಹೇಳಿಬಿಡೋಣವೆಂದು ಎಷ್ಟು ಸಲ ಹೊಲಕ್ಕೆ ಹೋದಳೋ. ಹೇಳಿದರೆ ಅವನು ತನ್ನನ್ನು ಹೇಗೆ ನೋಡುತ್ತಾನೋ ಎಂಬ ಹೆದರಿಕೆ; ಹೇಳದಿದ್ದರೆ ಅವನೇ ಇರುವುದಿಲ್ಲ. ಬಿಳಿ ಗೂಟದ ಸಸಿಗಳು ಮಾತ್ರ ಇದ್ಯಾವುದರ ಪರಿವೆಯಿಲ್ಲದೆ ಹಚ್ಚಗೆ ಬೆಳೆಯುತ್ತಿದ್ದವು. ಸಸಿ ಕೆಡಲಿ ಎಂದು ದೇವರನ್ನು ಬೇಡಿಕೊಂಡ ರೈತನ ಮಗಳು ಇಡೀ ತಾಲ್ಲೂಕಿನಲ್ಲಿ ಅವಳೊಬ್ಬಳೇ ಇದ್ದಿರಬೇಕು.

ವಾರ ಕಳೆಯುವುದರೊಳಗೆ ಗುರುಸ್ವಾಮಿಯೂ ಬದಲಾದ. ಅರ್ಧ ಬಣ್ಣಗೆಡತೊಡಗಿದ್ದ ನಾಲ್ಕನೆಯ ಬಿಳಿ ಮಡಿಯ ಹತ್ತಿರ ಒಂದು ಮಧ್ಯಾಹ್ನ ಬಗ್ಗಿ ಮಣ್ಣು ಕೆದಕಿ, ಬೆರಳನ್ನು ಮೂಗಿನ ಹತ್ತಿರ ಹಿಡಿದವನು, ಆಮೇಲೆ ಪುಸ್ತಕವನ್ನೇ ತೆರೆಯಲಿಲ್ಲ. ಅವಳನ್ನು ನೋಡಿದರೆ ಏನೋ ಹೇಳಲು ಬಾಯಿ ತೆರೆದು, "ಬಿಸಿಲು," ಎಂದು ಸೈಕಲ್ ಏರುತ್ತಿದ್ದ. ಸ್ಕೂಲಿನ ಪಕ್ಕದ ಅವನ ರೂಮಿನಲ್ಲಿ ಟ್ರಂಕು ತುಂಬಿಟ್ಟಿದ್ದಾನೆ ಎಂದು ಸಣ್ಣಬೀರಯ್ಯ ಸುದ್ದಿ ತಂದ.

ಮೇ ಮೊದಲ ವಾರ ದೊಡ್ಡ ಆಫೀಸರು ಜೀಪಿನಲ್ಲಿ ಬಂದರು. ಷಣ್ಮುಖಪ್ಪ ಹೆಗಲ ಮೇಲೆ ಮಡಿಸಿದ ಟವಲ್ಲು ಹಾಕಿಕೊಂಡು ಎದುರುಗೊಂಡರು. ಆಫೀಸರು ಹಸಿರು ಗೂಟದ ಸಸಿ ಕೀಳಿಸಿದರು, ಹಳದಿಯದು ಕೀಳಿಸಿದರು, ಬಿಳಿಯದನ್ನೂ ಕೀಳಿಸಿದರು. ಎಲ್ಲಾ ಬೇರು ಒಂದೇ ಥರ ಬೆಳ್ಳಗೆ, ಚೊಕ್ಕವಾಗಿದ್ದವು.

"ನಿಮ್ಮ ಈ ನೆಲದಲ್ಲಿ ಹುಳವೇ ಇಲ್ಲ ಗುರುಸ್ವಾಮಿ. ಇನ್ನು ಹಿಂಡಿ ಕೆಲಸ ಮಾಡಿತು ಅಂತ ಯಾವ ಬಾಯಲ್ಲಿ ಹೇಳ್ತೀರಿ? ಸುಮ್ಮನೆ ಔಷಧಿಗೇ ಬರೆದುಬಿಡೋಣ." ಹೊರಡಲು ತಿರುಗಿದವರು ನಾಲ್ಕನೆಯ ಬಿಳಿ ಮಡಿಯ ಹತ್ತಿರ ನಿಂತರು. ಅದರ ಅರ್ಧದ ಸಸಿ ಹಸಿರು, ಇನ್ನರ್ಧದ್ದು ಹಳದಿ, ನಡುವೆ ಗೆರೆ ಎಳೆದ ಹಾಗೆ. "ಇದೇನಿದು?"

ಗುರುಸ್ವಾಮಿ ಒಂದು ಕ್ಷಣ ಸಿದ್ದಲಿಂಗಮ್ಮನ ಕಡೆ ನೋಡಿದ. ಆಮೇಲೆ ನೆಲ ನೋಡುತ್ತ, "ಆ ಕಡೆ ನೀರು ಸರಿಯಾಗಿ ಬಿದ್ದಿಲ್ಲ ಸಾರ್. ನನ್ನದೇ ತಪ್ಪು, ನಾನು ಗಮನಿಸಲಿಲ್ಲ," ಎಂದ.

ಅವಳಿಗೆ ಆಗ ತಿಳಿಯಿತು. ಇವನಿಗೆ ಎಲ್ಲಾ ಗೊತ್ತಿದೆ. ಗೊತ್ತಿದ್ದೂ ತನ್ನ ಹೆಸರು ಎತ್ತದೆ, ಕೆಲಸ ಕೆಡಿಸಿಕೊಂಡು, ಟ್ರಂಕು ಹೊತ್ತು ಹೊರಟಿದ್ದಾನೆ. ಅವಳಿಗೆ ಸಿಟ್ಟು ಬಂತು.

"ಸುಳ್ಳು," ಎಂದಳು. "ದಿನಾ ನೀರು ಹಾಕ್ದೋಳು ನಾನು. ಒಂದ್ ಹನಿ ಕಮ್ಮಿ ಮಾಡಿಲ್ಲ."

"ಸಿದ್ದಲಿಂಗಮ್ಮ, ಬುಡಿ," ಎಂದ ಗುರುಸ್ವಾಮಿ ಮೆಲ್ಲಗೆ.

"ಯಾತಕ್ಕೆ ಬುಡ್ಬೇಕು?" ಅವಳು ಮಡಿಯ ಪಕ್ಕ ಮಂಡಿಯೂರಿ, ಹಸಿರು ಅರ್ಧದಿಂದ ಒಂದು ಹಿಡಿ, ಹಳದಿ ಅರ್ಧದಿಂದ ಒಂದು ಹಿಡಿ ಸಸಿ ಕಿತ್ತು ಆಫೀಸರ ಮುಂದೆ ಹಿಡಿದಳು. ಒಂದು ಕೈಯಲ್ಲಿ ಚೊಕ್ಕ ಬೇರು. ಇನ್ನೊಂದು ಕೈಯಲ್ಲಿ ರಾಗಿ ಕಾಳು ಪೋಣಿಸಿದಂತೆ ಗಂಟು ಗಂಟು. "ಹುಳ ಅದೆ ಸ್ವಾಮಿ. ಈ ಬಿಳಿ ಮಡಿಗೆಲ್ಲಾ ಹೊಂಗೆ ಹಿಂಡಿ ಹಾಕ್ಬುಟ್ಟೋಳು ನಾನು. ಇಲ್ಲಿಗೆ ಬರೋವಾಗ ಮೂಟೆ ಖಾಲಿಯಾಯ್ತು. ಹಾಕ್ದೆ ಇದ್ದ ಕಡೆ ಏನಾಗದೆ ನೀವೇ ನೋಡಿ."

ಆಫೀಸರು ಕನ್ನಡಕ ಸರಿಮಾಡಿಕೊಂಡು ಎರಡೂ ಹಿಡಿಯನ್ನು ಬಿಸಿಲಿಗೆ ಹಿಡಿದರು. ತಾವೇ ಬಗ್ಗಿ ಎರಡೂ ಕಡೆಯಿಂದ ಮತ್ತಷ್ಟು ಕಿತ್ತು ನೋಡಿದರು.

"ಅಲ್ಲಮ್ಮಾ, ಹಾಕಬೇಡ ಅಂತ ಬಿಟ್ಟಿದ್ದಕ್ಕೆ ಯಾಕೆ ಹಾಕಿದೆ?"

ಅಪ್ಪ ಪಕ್ಕದಲ್ಲೇ ಇದ್ದರು. ಸಣ್ಣಬೀರಯ್ಯ ಬೇಲಿಯ ಹತ್ತಿರ ಕಿವಿ ನಿಮಿರಿಸಿ ನಿಂತಿದ್ದ. ಸಿದ್ದಲಿಂಗಮ್ಮ ತಲೆ ತಗ್ಗಿಸಲಿಲ್ಲ.

"ಇವ್ರು ಈ ಮಡಿ ಮುಂದೆ ಕೂತು ಮುಖ ಸಣ್ಣ ಮಾಡ್ಕೊಂಡಿದ್ರು. ಅದ್ನ ನೋಡಕ್ಕೆ ನನ್ ಕೈಲಿ ಆಗ್ಲಿಲ್ಲ. ಅದಕ್ಕೆ ಹಾಕ್ದೆ."

ಷಣ್ಮುಖಪ್ಪ ಟವಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

ಆಫೀಸರು ಕೈಯ ಮಣ್ಣು ಕೊಡವಿಕೊಂಡರು. "ಅರ್ಧ ಮಡಿ ನೋಡಿ ಏನೂ ಹೇಳೋಕಾಗಲ್ಲ. ಬರುವ ವರ್ಷ ಇಲ್ಲೇ ಇನ್ನೊಂದು ಸಲ ಮಾಡಿ, ಹೊಂಗೆಯನ್ನೂ ಸೇರಿಸಿ. ಅಲ್ಲಿಯವರೆಗೆ ಡ್ರಮ್ಮಿನ ವಿಚಾರ ಬೇಡ. ನೀವೂ ಎಲ್ಲಿಗೂ ಹೋಗೋದು ಬೇಡ ಗುರುಸ್ವಾಮಿ."

ಜೀಪು ಹೋಯಿತು, ಅಪ್ಪ ಬಾವಿಯ ಕಡೆ ನಡೆದರು. ಧೂಳು ಇಳಿಯುವ ತನಕ ಇಬ್ಬರೂ ಮಡಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತಿದ್ದರು.

"ಗೊತ್ತಿದ್ದೂ ಹೋಗಕ್ಕೆ ತಯಾರಾಗಿದ್ರಾ?"

"ಹೊಂಗೆ ವಾಸ್ನೆ ಬಂತು. ಊರಲ್ಲಿ ಅದು ಇದ್ದದ್ದು ನಿಮ್ ಅಟ್ಟದಲ್ಲಿ ಮಾತ್ರ. ನಿಮ್ ಹೆಸ್ರು ಹೇಳಿ, ಊರೋರೆಲ್ಲ ನಿಮ್ಮನ್ನ ಆಡ್ಕೊಳಂಗೆ ಮಾಡಿ ನಾನಿಲ್ಲಿ ಉಳ್ಕೊಳದಾ?"

"ನೀವು ಹೋದ್ಮೇಲೆ ನಾನೇನ್ ಮಾಡ್ಬೇಕಿತ್ತು?"

ಅವನು ಜೇಬಿನಿಂದ ಆ ಹಳೆಯ ಪುಸ್ತಕ ತೆಗೆದು, ಮಡಿಯ ಮೇಲಿಂದ ಅವಳ ಕೈಗೆ ಕೊಟ್ಟ. ಹೂವಿನ ಪುಟ. ದಿನಾಂಕದ ಮುಂದೆ ಒಂದು ಹೂ ಕಮ್ಮಿ, ಒಂದು ಹೂ ಕಮ್ಮಿ ಎಂದು ಮೇಲಿಂದ ಕೆಳಗೆ ಸಾಲಾಗಿತ್ತು. ನಡುವೆ ಅಲ್ಲಲ್ಲಿ, ಅವಳು ಮುಡಿಯದೆ ಬಂದ ದಿನಗಳಲ್ಲಿ, ಬೇರೆ ಏನೋ ಬರೆದಿತ್ತು. ಇವತ್ತು ಮುಡಿದಿಲ್ಲ. ಯಾಕೋ.

ಅವಳು ಎರಡು ಸಲ ಓದಿದಳು. ಕಣ್ಣು ತುಂಬಿ ಮೂರನೆಯ ಸಲ ಓದಲಾಗಲಿಲ್ಲ.

"ಸಿದ್ಲಿಂಗಿ," ಬಾವಿಯ ಕಡೆಯಿಂದ ಅಪ್ಪನ ಧ್ವನಿ ಬಂತು. "ಬಿಸ್ಲು ಏರ್ತಾ ಅದೆ, ನೀರು ಹಾಕವ್ವ. ಫೀಲ್ಡ್‌ಮನ್ನೋರೇ, ಆ ಟ್ರಂಕು ಬಿಚ್ಬುಟ್ಟು ಮಧ್ಯಾನ ಮನೆಗೆ ಊಟಕ್ಕೆ ಬನ್ನಿ. ನಿಮ್ ತಂದೆಯೋರ ಅಡ್ರೆಸ್ಸು ಬರ್ಕೊಂಡ್ ಬನ್ನಿ."

ಗುರುಸ್ವಾಮಿಯ ಎರಡೂ ಕಿವಿ ಕೆಂಪಾದವು. ಸಿದ್ದಲಿಂಗಮ್ಮ ಅದನ್ನು ಹತ್ತಿರದಿಂದಲೇ ನೋಡಿದಳು.

"ಬರೋ ವರ್ಷನೂ ಬಿಳಿ ಗೂಟ ನೆಡ್ಬೇಕು," ಎಂದ ಅವನು. "ಅದಕ್ಕೆ ಮಾತ್ರ ಕೈ ಹಾಕ್ಬೇಡಿ."

"ನೀವು ಅದ್ರ ಮುಂದೆ ಕೂತು ಮುಖ ಸಣ್ಣ ಮಾಡಿದ್ರೆ ಹಾಕೇ ಹಾಕ್ತೀನಿ."

"ಮಾಡಲ್ಲ."

ಅವಳು ಕ್ಯಾನು ತುಂಬಿ ತಂದು ಹಸಿರು ಅರ್ಧಕ್ಕೆ ನೀರು ಚಿಮುಕಿಸಿದಳು. ಹಳದಿ ಅರ್ಧದ ಹತ್ತಿರ ಬಂದಾಗ ಕೈ ತಡೆದು ಅವನ ಮುಖ ನೋಡಿದಳು. ಇನ್ನು ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಗುರುಸ್ವಾಮಿ ಪೆನ್ಸಿಲ್ಲು ಜೇಬಿಗೆ ಸೇರಿಸಿ, ಅವಳ ಕೈಯಿಂದ ಕ್ಯಾನು ತೆಗೆದುಕೊಂಡು, ಆ ಸಸಿಗಳಿಗೂ ನೀರು ಹಾಕಿದ.