ಖಂಡೇಪೂಜೆಯ ದಿನ ಎತ್ತಿದ ಪಾನಾ

"ಇವತ್ತು ಪಾನಾ ಮುಟ್ಟೂದಿಲ್ಲರಿ," ಅಂದ ಹೊಳಬಸಪ್ಪ.

ನೀಲಾಬಾಯಿಗೆ ಸಿಟ್ಟು ನೆತ್ತಿಗೇರಿತು. ಕುಳಗೇರಿ ಕ್ರಾಸಿನ ಮಟಮಟ ಮಧ್ಯಾಹ್ನದಲ್ಲಿ ನಿಂತು, ಹಿಂದಿದ್ದ ಮುದಿ ಕಾರನ್ನೊಮ್ಮೆ, ಮುಂದಿದ್ದ ಮೆಕ್ಯಾನಿಕನನ್ನೊಮ್ಮೆ ನೋಡಿದಳು. ಎರಡರಲ್ಲಿ ಯಾವುದು ಹೆಚ್ಚು ಮೊಂಡು ಅಂತ ಹೇಳುವುದು ಕಷ್ಟವಿತ್ತು.

ಅವನು ಗ್ಯಾರೇಜಿನ ಒಳಗೆ ಕೈ ತೋರಿಸಿದ. ದೇವಿಯ ಫೋಟೊ ಮುಂದೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲವೂ ವಿಭೂತಿ, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹೂವು ಇಟ್ಟುಕೊಂಡು ಸಾಲಾಗಿ ಮಲಗಿದ್ದವು. ದಸರೆಯ ಖಂಡೇಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಎತ್ತುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇಳಕಲ್ಲಿನ ಅವಳ ಮನೆಯಲ್ಲೂ ಅಳತೆಯ ಗಜಕೋಲು, ಕತ್ತರಿ ಹಾಗೆಯೇ ಪೂಜೆಗೆ ಕೂತಿದ್ದವು. ಅವ್ವ ಸಿದ್ದಲಿಂಗವ್ವ ಇದೇ ಕಾರಿಗೆ ಹಾರ ಕಟ್ಟಿಟ್ಟು ದಾರಿ ಕಾಯುತ್ತಿದ್ದಳು. ಗೊತ್ತಿದ್ದರೇನಂತೆ, ಸಿಟ್ಟು ಬರಬಾರದೇ?

ಇಪ್ಪತ್ತನಾಲ್ಕು ವರ್ಷದ ಕರಿ ಕಾರು ಅದು. ಅಪ್ಪ ರಾಚಪ್ಪ ಇಳಕಲ್ ಸೀರೆಯ ಗಂಟುಗಳನ್ನು ಹೇರಿಕೊಂಡು ಹುನಗುಂದ, ಬಾಗಲಕೋಟೆ, ಬಾದಾಮಿ, ನರಗುಂದ ಅಂತ ಊರೂರು ಸುತ್ತಿದ ಕಾರು. ಅದರ ಮೀಟರು ಎರಡು ಸಲ ಪೂರ್ತಿ ತಿರುಗಿ ಮತ್ತೆ ಸೊನ್ನೆಯಿಂದ ಶುರುಮಾಡಿತ್ತು. ಮೂರನೆಯ ಸುತ್ತಿನಲ್ಲಿ ಅದಕ್ಕೂ ಸಾಕಾಗಿ ನಿಂತೇಬಿಟ್ಟಿತ್ತು.

ಅಪ್ಪ ತೀರಿಕೊಂಡು ಎರಡು ವರ್ಷ. ವ್ಯಾಪಾರವೂ ಕಾರೂ ಇಪ್ಪತ್ತೆಂಟರ ನೀಲಾಬಾಯಿಯ ಹೆಗಲಿಗೆ ಬಿದ್ದಿದ್ದವು. ತಾನೇ ಕಾರು ಓಡಿಸಿ ಸೀರೆ ಮಾರುವ ಹುಡುಗಿಯನ್ನು ನೋಡಲು ಬಂದ ಗಂಡುಗಳು ಚಹಾ ಕುಡಿದು ಎದ್ದುಹೋಗುತ್ತಿದ್ದರು. ಹೋದವರು ಹೋಗಲಿ! ಅವಳಿಗೆ ಅಳು ಬರುತ್ತಿದ್ದದ್ದು ಕಾರು ಕೈಕೊಟ್ಟಾಗ ಮಾತ್ರ. ಸ್ಟೇರಿಂಗ್ ಹಿಡಿದರೆ ಅಪ್ಪ ಪಕ್ಕದಲ್ಲೇ ಕೂತು, ಸಾವಕಾಶ ನಮ್ಮವ್ವ, ಅಂದಂತಾಗುತ್ತಿತ್ತು...

ಈಗ ಎಂಬತ್ತಮೂರರ ದಸರೆಗೆ ಹೊಸ ತಲೆನೋವು. ಅಪ್ಪ ಏಳು ವರ್ಷದ ಹಿಂದೆ ಹೆಸರು ಬರೆಸಿದ್ದ ಹೊಸ ಕಾರಿನ ಪಾಳಿ ಬಂದಿತ್ತು. ಬೇಕೋ ಬೇಡವೋ ಸೋಮವಾರದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಅಂತ ಹುಬ್ಬಳ್ಳಿಯಿಂದ ಪತ್ರ. ಹಳೆಯದನ್ನು ಮಾರಿ ಹೊಸದು ತಗೋ ಅಂತ ಅವ್ವ ದಿನಾ ತಲೆ ತಿನ್ನುತ್ತಿದ್ದಳು. ನೀಲಾಬಾಯಿ ಮಾತ್ರ ಆ ಪತ್ರವನ್ನು ಹೊಳಬಸಪ್ಪನಿಗೂ ತೋರಿಸಿ, ಅವನ ಮಾತು ನಂಬಿದ್ದಳು. ಮೂರು ತಿಂಗಳಲ್ಲಿ ಕಾರು ಎಂಟು ಸಲ ಕೆಟ್ಟಿತ್ತು. ಎಂಟೂ ಸಲ ಅವನು ಎಣ್ಣೆಗೈ ಒರೆಸಿಕೊಳ್ಳುತ್ತ ಹೇಳಿದ್ದು ಒಂದೇ, ಇನ್ನೂ ಓಡತೈತಿ, ದುರಸ್ತಿ ಮಾಡೂಣು ಅಂತ.

ಆ ಮಾತು ಕೇಳಲಿಕ್ಕೆಂದೇ ತಾನು ಇಲ್ಲಿಗೆ ಬರುತ್ತಿದ್ದೇನೆಯೇ ಎಂಬ ಅನುಮಾನ ಅವಳಿಗೆ ಬಂದದ್ದು ಆರನೆಯ ಸಲ. ಅಂದಿನಿಂದ ಅವನ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಾಗಿತ್ತು.

ಇವತ್ತು ನರಗುಂದದಿಂದ ಬರುವಾಗ ದಾರಿಯುದ್ದಕ್ಕೂ ಸ್ಟೇರಿಂಗ್ ಗಡಗಡ ನಡುಗಿತ್ತು. ಪಾನಾ ಬೇಡ, ಬರೀ ಕಣ್ಣಿಂದಾದರೂ ನೋಡಿ ಅಂತ ಅವಳು ಗೋಗರೆದಳು. ಹೊಳಬಸಪ್ಪ ಗೋಣಿಚೀಲ ಹಾಸಿ ಕಾರಿನ ಕೆಳಗೆ ನುಸುಳಿದ. ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಹೊಸಾದು ತಗೋರಿ," ಅಂದ. "ಇದನ್ನ ಬಿಟ್ಟಬಿಡ್ರಿ."

ನೀಲಾಬಾಯಿಗೆ ಏನೂ ತಿಳಿಯಲಿಲ್ಲ. ಎಂಟು ಸಲ ಓಡುತ್ತದೆ ಅಂದವನು ಇವನೇ ಅಲ್ಲವೇ? ಏನಾಗಿದೆ ಅಂತ ಕೇಳಿದಳು. ಮುದಿಯಾಗಿದೆ ಅಂದ, ನೆಲ ನೋಡುತ್ತ. ನಿನ್ನೆ ಮೊನ್ನೆಯವರೆಗೆ ಹರೆಯವಿತ್ತೇ ಅಂತ ಕೇಳಿದಳು. ಅವನು ಕೈಯ ಎಣ್ಣೆ ಒರೆಸಿಕೊಳ್ಳತೊಡಗಿದ.

'ಇವನಿಗೆ ನನ್ನ ಕಾಟ ಸಾಕಾಗಿದೆ...' ಅಂದುಕೊಂಡಳು ನೀಲಾಬಾಯಿ. 'ಹೊಸದು ತಗೊಂಡರೆ ಪೀಡೆ ತೊಲಗುತ್ತದೆ ಅಂತ. ಹೇಳಲಿಕ್ಕೆ ನಾಲಿಗೆ ಇಲ್ಲ, ಅಷ್ಟೇ.'

ಇನ್ನು ಈ ಕ್ರಾಸಿನಲ್ಲಿ ಕಾಲಿಡುವುದಿಲ್ಲ, ನಿಧಾನಕ್ಕೆ ಓಡಿಸಿಕೊಂಡು ಇಳಕಲ್ ಮುಟ್ಟುತ್ತೇನೆ ಅಂತ ಹೇಳಿ ಅವಳು ಕಾರು ಹತ್ತಿ ದಢಾರನೆ ಬಾಗಿಲು ಹಾಕಿಕೊಂಡಳು. ಹೊಳಬಸಪ್ಪ ಮುಂದೆ ಬಂದು ಅಡ್ಡ ನಿಂತ. ಹಾರ್ನ್ ಹೊಡೆದಳು. ಕದಲಲಿಲ್ಲ. ಎದುರಿನ ಚಹಾದಂಗಡಿಯ ಬಾಬುಸಾಬ ಸೋಸುವುದನ್ನು ಬಿಟ್ಟು ನೋಡತೊಡಗಿದ.

ಹೊಳಬಸಪ್ಪ ತಟ್ಟನೆ ಒಳಗೆ ಹೋದ. ದೇವಿಗೆ ಒಮ್ಮೆ ಕೈ ಮುಗಿದು, ಪೂಜೆಯ ಸಾಲಿನಿಂದ ಪಾನಾ ಎತ್ತಿಕೊಂಡು ಬಂದ! ಬಾನೆಟ್ ತೆರೆದ, ಎರಡು ನಟ್ಟು ಬಿಚ್ಚಿದ, ಬ್ಯಾಟರಿಯನ್ನೇ ಹೊತ್ತುಕೊಂಡು ಹೋಗಿ ಗ್ಯಾರೇಜಿನ ಕಟ್ಟೆಯ ಮೇಲೆ ಇಟ್ಟ.

ನೀಲಾಬಾಯಿ ಕೆಳಗಿಳಿದಳು.

"ದುರಸ್ತಿಗೆ ಮುಟ್ಟೂದಿಲ್ಲ ಅಂದ್ರಿ. ಬಿಚ್ಚಿ ಒಗ್ಯಾಕ ಮುಟ್ಟಬಹುದೇನ್ರಿ?"

ಅವನು ಗೋಣಿಚೀಲ ತೋರಿಸಿ ಟಾರ್ಚು ಹಿಡಿದ. ಬಾಬುಸಾಬ ನೋಡಲಿ, ಊರೇ ನೋಡಲಿ! ಅವಳು ಸೆರಗು ಸಿಕ್ಕಿಸಿಕೊಂಡು ಕಾರಿನ ಕೆಳಗೆ ಮಲಗಿದಳು. ಚಕ್ರಗಳನ್ನು ತಿರುಗಿಸುವ ಸ್ಟೇರಿಂಗ್ ರಾಡು ಮುಕ್ಕಾಲು ಭಾಗ ಸೀಳಿತ್ತು. ಸೀಳಿನೊಳಗೆ ಅವಳ ಉಗುರು ಹೋಯಿತು.

"ಮುಂದಿನ ತಿರುವಿನ್ಯಾಗ ಮುರೀತಿತ್ತುರಿ," ಅಂದ ಅವನು ಹೊರಗಿನಿಂದ. "ಗಾಡಿ ಮುಗದೈತಿ ಅಂತ ನನಗ ಹೋದ ತಿಂಗಳ ಗೊತ್ತಿತ್ತು. ಹೊಸಾದು ಬಂದ್ರ ನೀವು ಇಲ್ಲಿ ನಿಲ್ಲೂದಿಲ್ಲ. ಅದಕ್ಕ ಸುಳ್ಳ ಹೇಳಿದೆ. ನಿಮ್ಮನ್ನ ನೋಡೂ ಆಶಾಕ ನಿಮ್ಮ ಜೀವದ ಜೋಡಿ ಆಟ ಆಡಿದೆ ನಾ. ಏನರ ಬೈರಿ. ಆದ್ರ ಈ ಗಾಡ್ಯಾಗ ಹೋಗಬ್ಯಾಡ್ರಿ."

ಅವಳು ಎದ್ದು ಧೂಳಿನಲ್ಲೇ ಕೂತು ಬೈದಳು. ಮನಸಾರೆ ಬೈದಳು. ಮೂರು ತಿಂಗಳ ಸಿಟ್ಟೆಲ್ಲ ಹೊರಗೆ ಬಂತು. ಹುಚ್ಚ ಅಂದಳು, ಕಳ್ಳ ಅಂದಳು, ಬಾಯಿಬಿಟ್ಟು ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ಅಂತ ಕೇಳಿದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತ ಬೈಯುತ್ತ ಅವಳಿಗೆ ಅಳು ಬಂತು. ಕಾರು ಕೊಟ್ಟರೆ ಅಪ್ಪನನ್ನೇ ಕೊಟ್ಟಂತೆ ಅಂದಳು.

"ಹೊಸಾದಕ್ಕ ಹೆಸರು ಬರಸಿದವರೂ ಅವರ ಅಲ್ಲೇನ್ರಿ?" ಅಂದ ಹೊಳಬಸಪ್ಪ ಮೆಲ್ಲಗೆ. "ಈ ಗಾಡಿ ಎಷ್ಟು ದಿನ ಬರತೈತಿ ಅಂತ ಅವರಿಗೆ ಗೊತ್ತಿತ್ತು. ನೀವು ಹಾದ್ಯಾಗ ಕೂಡಬಾರದು ಅಂತ ಬರಸ್ಯಾರ."

ನೀಲಾಬಾಯಿಯ ಅಳು ನಿಂತಿತು. ಇಷ್ಟು ದಿನ ಇದು ತನಗೆ ಹೊಳೆಯಲೇ ಇಲ್ಲವಲ್ಲ... ಸೆರಗಿನಿಂದ ಮುಖ ಒರೆಸಿಕೊಂಡು ಚೀಲದಿಂದ ಪತ್ರ ತೆಗೆದಳು. ಅವನ ಕಿಸೆಯಲ್ಲಿದ್ದ ಪೆನ್ನು ಕೇಳಿ ಇಸಿದುಕೊಂಡು, 'ಬೇಕು' ಅಂತ ಬರೆದು ಸಹಿ ಮಾಡಿದಳು. ಅವನು ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ.

ಬಾಗಲಕೋಟೆಯ ಬಸ್ಸು ಬಂದು ನಿಂತಿತು. ಬಾಗಲಕೋಟೆಯಲ್ಲಿ ಇಳಿದು ಇಳಕಲ್ ಬಸ್ಸು ಹಿಡಿಯಬೇಕಿತ್ತು. ಹೊಳಬಸಪ್ಪ ಅವಳ ಸೀರೆಯ ಗಂಟನ್ನು ಹೊತ್ತು ಬಸ್ಸಿನೊಳಗೆ ಇಟ್ಟು ಬಂದ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ನಿಂತಳು.

"ಹೊಸಾ ಗಾಡಿ ಎಷ್ಟು ದಿನಕ್ಕ ಕೆಡತೈತ್ರಿ?"

"ಚೊಲೋ ನೋಡಿಕೊಂಡ್ರ ನಾಕೈದು ವರ್ಷ ಏನೂ ಆಗೂದಿಲ್ಲರಿ." ಅವನ ದನಿ ಬಹಳ ಸಣ್ಣದಾಗಿತ್ತು.

"ಅಲ್ಲೀತನಕಾ ಕಾಯಾಕ ನನಗ ಆಗೂದಿಲ್ಲ. ಸೋಮವಾರ ನಮ್ಮ ಮನಿಗೆ ಬರ್ರಿ. ಅವ್ವ ಇರ್ತಾಳ."

ಅವನು ತಲೆಯೆತ್ತಿದ. ಕಣ್ಣು ತುಂಬಿದ್ದವು.

"ಅವ್ವಾರ ಮುಂದ ಏನಂತ ಹೇಳ್ಲಿರಿ?"

"ಖರೇದ ಹೇಳ್ರಿ," ಅಂದಳು ನೀಲಾಬಾಯಿ. "ಸುಳ್ಳ ಹೇಳಿದ್ದು ಸಾಕು."