ಕೆಂಪು ಕೀ ಕದ್ದವರು ಯಾರು?

ಭಾನುವಾರ ಬೆಳಿಗ್ಗೆ ಮೇಷ್ಟ್ರ ಕೂಗಿಗೆ ಮನೆಮಂದಿಯೆಲ್ಲ ಎದ್ದು ಕೂತರು.

"ಕಳ್ಳತನ! ನನ್ನ ಟ್ರೆಡ್‌ಮಿಲ್ ಕೀ ಇಲ್ಲ!"

ಆ ಕೆಂಪು ಕೀ ಸಿಕ್ಕಿಸದಿದ್ದರೆ ಯಂತ್ರದ ಪಟ್ಟಿ ಒಂದಿಂಚೂ ಸರಿಯುವುದಿಲ್ಲ. ಹೋದದ್ದು ಅದೊಂದೇ ಅಲ್ಲ. ಎದೆಬಡಿತ ಅಳೆಯುವ ವಾಚಿನ ಚಾರ್ಜರ್ ಇಲ್ಲ. ಓಡುವ ಮುಂಚೆ ಕಲಸಿ ಕುಡಿಯುತ್ತಿದ್ದ ಶಕ್ತಿಪುಡಿಯ ಡಬ್ಬಿಯೂ ಮಾಯ.

ಮೇಷ್ಟ್ರು ಅಂದರೆ ವ್ಯಾಯಾಮದ ಮೇಷ್ಟ್ರು. ಬದುಕಿಡೀ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿದವರು. ನಿವೃತ್ತರಾದ ಸ್ವಲ್ಪ ದಿನಕ್ಕೇ ಎದೆನೋವು, ಆಸ್ಪತ್ರೆ, ಸ್ಟೆಂಟ್. ಮನೆಗೆ ಬಂದವರೇ ಆರೋಗ್ಯದ ಬೆನ್ನು ಹತ್ತಿದರು. ಓಟ್ಸ್ ಬಂತು. ಅಗಸೆಬೀಜ ಬಂತು. ಮೈಕೊಬ್ಬು ಅಳೆಯುವ ತೂಕದ ಮಿಷಿನ್ ಬಂತು. ಸೊಪ್ಪಿನ ರಸ ಹಿಂಡುವ ಯಂತ್ರ ಬಂದಾಗ ಮಗ ತಿಂಡಿಗೆ ಸ್ನೇಹಿತರ ಮನೆ ಹುಡುಕಿಕೊಂಡ.

ಮಗಳು ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ನಿನ್ನೆ ತಾನೇ ರಜೆಯ ಮೇಲೆ ಬಂದಿದ್ದಳು.

"ನೀನೇ ತನಿಖೆ ಮಾಡಮ್ಮ. ಮನೆಯವರು ಅಂತ ಮುಲಾಜು ನೋಡ್ಬೇಡ."

ಅವಳು ಬಾಗಿಲು ನೋಡಿದಳು. ಚಿಲಕ ಹಾಕಿದ್ದು ಹಾಕಿದಂತೇ ಇತ್ತು. ಕಳ್ಳ ಒಳಗಿನವನೇ.

* * *

ಮೊದಲ ಅನುಮಾನ ತಮ್ಮನ ಮೇಲೆ. ಟ್ರೆಡ್‌ಮಿಲ್ ಇದ್ದದ್ದು ಅವನ ಪಕ್ಕದ ಕೋಣೆಯಲ್ಲಿ. ನಸುಕಿನಲ್ಲೇ ಅದು ಗುಡುಗತೊಡಗಿದರೆ ಅವನ ನಿದ್ದೆ ಮುಗಿದಂತೆಯೇ.

"ಆ ಮಿಷಿನ್ ಹಾಳಾದ್ರೆ ಸಾಕು ಅಂದಿದ್ದೆಯಂತೆ?"

"ಅಂದಿದ್ದೆ ಅಕ್ಕ. ಆದ್ರೆ ನಾನು ಕದಿಯೋನಾಗಿದ್ರೆ ಮೊದ್ಲು ಆ ಸೊಪ್ಪಿನ ಮಿಷಿನ್ನೇ ಎತ್ತಾಕ್ತಿದ್ದೆ!"

ಅವಳಿಗೆ ನಗು ಬಂತು. ಮರುಕ್ಷಣ ನಗು ನಿಂತಿತು.

ಹೌದಲ್ಲ. ರಸದ ಯಂತ್ರ ಯಾಕೆ ಉಳಿಯಿತು? ಓಟ್ಸ್, ಅಗಸೆಬೀಜ ಯಾಕೆ ಉಳಿದವು? ಹೋದ ಮೂರೂ ಅಪ್ಪನನ್ನು ಓಡಿಸುವ ವಸ್ತುಗಳು. ಕಳ್ಳನಿಗೆ ಬೇಕಿದ್ದದ್ದು ವಸ್ತುಗಳಲ್ಲ. ಓಟ ನಿಲ್ಲಬೇಕಿತ್ತು.

ಅವಳು ಟ್ರೆಡ್‌ಮಿಲ್ ಸುತ್ತ ಒಂದು ಸುತ್ತು ಬಂದಳು. ಹಿಂದೆ ಕಬ್ಬಿಣದ ಬೀರು. ಅದರ ಚೂಪು ಅಂಚಿಗೆ ಹತ್ತಿ ತುಂಬಿದ ಬಟ್ಟೆಯ ಮೆತ್ತೆ. ಸಣ್ಣ ಸಣ್ಣ ಹೊಲಿಗೆ, ಒಂದೂ ಸೊಟ್ಟ ಇಲ್ಲ.

"ಇದೇನಪ್ಪಾ?"

"ಯಾರಿಗೆ ಗೊತ್ತು? ನಿಮ್ಮಮ್ಮಂಗೆ ಹೊಲಿಯೋಕೆ ಏನಾದ್ರೂ ಬೇಕಲ್ಲ," ಎಂದ ಮೇಷ್ಟ್ರು ಹಣೆ ಒರೆಸಿಕೊಂಡರು. ಅಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟಿದ್ದರು.

* * *

ಅಡುಗೆಮನೆಯಲ್ಲಿ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅಮ್ಮಾ, ಈ ಮನೇಲಿ ಕನ್ನಡಕ ಕಳೆದ್ರೆ ಹುಡುಕೋಳು ನೀನು. ಬೀಗದ ಕೈ ಕಳೆದ್ರೂ ನೀನೇ. ಇವತ್ತು ಮಾತ್ರ ಕೂತಲ್ಲಿಂದ ಎದ್ದಿಲ್ಲ."

ಅಮ್ಮನ ಬೆರಳುಗಳು ನಿಂತವು.

"ಅಪ್ಪ ಯಾವಾಗ ಬಿದ್ರು?"

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. "ಯಾರು ಬಿದ್ದದ್ದು? ಏನು ಮಾತು ಅಂತ..."

"ಅಪ್ಪಾ, ಅಂಗಿ ತೋಳು ಮಡಚಿ."

ಮೇಷ್ಟ್ರು ಮಡಚಲಿಲ್ಲ. ಅಮ್ಮ ಎದ್ದು ಬಂದು, ಮಗುವಿನ ಅಂಗಿ ಬಿಚ್ಚುವಷ್ಟು ಮೆಲ್ಲಗೆ ತಾನೇ ಮಡಚಿದಳು. ಮೊಣಕೈ ಸುತ್ತ ನೀಲಿಗಟ್ಟಿತ್ತು.

"ಬೀರುವಿನ ಅಂಚಿಗೆ ಮೆತ್ತೆ ಹೊಲಿದಿರೋದು ನೋಡಿದೆ," ಎಂದಳು ಮಗಳು. "ಅಲ್ಲಿಗೆ ಯಾರೋ ಬಿದ್ದಿರ್ಬೇಕು. ಹೊಲಿಗೆ ಅಮ್ಮಂದು. ಸೆಕೆಗೆ ತುಂಬುತೋಳು ಯಾಕೆ ಅಂತ ಆಗ ಗೊತ್ತಾಯ್ತು. ಕದ್ದಿದ್ದು ಅಮ್ಮ. ಬಿದ್ದದ್ದನ್ನ ಬಚ್ಚಿಟ್ಟಿದ್ದು ನೀವು."

ಅಮ್ಮ ಹೊಲಿಗೆ ಮಿಷಿನ್ನಿನ ಡ್ರಾದಿಂದ ಕೆಂಪು ಕೀ ತಂದು ಗಂಡನ ಅಂಗೈಗಿಟ್ಟಳು.

"ದಢ್ ಅಂತ ಸದ್ದಾಯ್ತು. ಓಡಿ ಬಂದೆ. ಪುಸ್ತಕ ಬಿತ್ತು ಅಂದ್ರಿ. ನಂಬಿದ ಹಾಗೆ ಮಾಡಿದೆ. ಮಾರನೇ ದಿನ ಮತ್ತೆ ಹತ್ತಿದ್ರಿ, ಇನ್ನೂ ಜೋರಾಗಿ."

"ಹೇಳ್ಬಹುದಿತ್ತಲ್ಲೇ."

"ಹೇಗೆ ಹೇಳ್ಲಿ? ಊರ ಮಕ್ಕಳನ್ನೆಲ್ಲ ಓಡಿಸಿದೋರು ನೀವು. ಬಿದ್ರಿ ಅಂತ ನನ್ನ ಬಾಯಲ್ಲಿ ಕೇಳಿದ್ರೆ ನಿಮ್ಮ ಮುಖ ಏನಾಗುತ್ತೆ ಅಂತ ನಂಗೊತ್ತಿಲ್ವಾ?"

ಮೇಷ್ಟ್ರು ಕೆಂಪು ಕೀಯನ್ನು ಹೆಂಡತಿಯ ಕೈಗೇ ವಾಪಸ್ಸಿಟ್ಟರು.

"ಒಂದ್ಸಲ ಅಲ್ಲ ಕಣೇ. ಎರಡ್ಸಲ ಬಿದ್ದೆ. ಮೊದಲನೇದು ನಿನಗೂ ಗೊತ್ತಾಗ್ಲಿಲ್ಲ. ಕಣ್ಣು ಕತ್ತಲೆ ಬಂತು. ನಿನ್ನ ಕೂಗೋಣ ಅನ್ನಿಸ್ತು. ನಾಚಿಕೆ ಆಯ್ತು."

* * *

ಅಮ್ಮ ತಂದಿದ್ದ ಶಕ್ತಿಪುಡಿಯ ಡಬ್ಬಿಯನ್ನು ಡಾಕ್ಟರು ಓದಿ ನೋಡಿ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು. ಎದೆಬಡಿತ ಏರಿಸುವ ಸರಕಂತೆ. ಒಂದು ಮಾತ್ರೆ ಬದಲಾಯಿತು. ಓಟ ಬೇಡ, ನಿಧಾನ ನಡಿಗೆ ಸಾಕು, ಅದೂ ಜೊತೆಗೊಬ್ಬರಿದ್ದರೆ ಮಾತ್ರ.

ಗಂಡ ಹೆಂಡತಿ ನಡೆದೇ ಮನೆಗೆ ಹೊರಟರು. ಮಗಳು ಬೇಕೆಂದೇ ಸ್ವಲ್ಪ ಹಿಂದೆ ಉಳಿದಳು. ಎರಡನೇ ಬೀದಿಯ ತಿರುವಿನಲ್ಲಿ ಮೇಷ್ಟ್ರು ನಿಂತರು. ಮುಂದೆ ನೋಡಿದರು. ದಾರಿ ಇನ್ನೂ ಇತ್ತು.

"ಸುಸ್ತಾಯ್ತು ಕಣೇ," ಎಂದರು, ದಾರಿಹೋಕರಿಗೂ ಕೇಳುವಷ್ಟು ಗಟ್ಟಿಯಾಗಿ.

ಅಮ್ಮ ಪಕ್ಕಕ್ಕೆ ಸರಿದಳು. ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲಿನ ಧೂಳನ್ನು ಸೆರಗಿನಿಂದ ಒರೆಸಿ, ಇಬ್ಬರಿಗಾಗುವಷ್ಟು ಜಾಗ ಮಾಡಿದಳು.